ಟಿವಿ ನೋಡುತ್ತ ನೇಯ್ದ ಸೀರೆ

ಮಧ್ಯಾಹ್ನ ಉಂಡು ಮಗ್ಗದ ಪಕ್ಕದ ಚಾಪೆಯ ಮೇಲೆ ಒರಗಿದರೆ ನನಗೆ ಬರುವುದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಎಲ್ಲ ಮನೆಯ ಮಗ್ಗಗಳೂ ಆಡುತ್ತಿರುತ್ತವೆ. ಒಂದರ ಬಡಿತ ಇನ್ನೊಂದರೊಳಗೆ ಸೇರಿ, ಕಿವಿಯನ್ನು ನೀರಿನಲ್ಲಿ ಮುಳುಗಿಸಿಕೊಂಡು ಕೇಳಿದಂತೆ ದೂರದೂರಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅದರ ಜೊತೆಗೆ ಟಿವಿಯೂ ಇದೆ. ಮೊಣಕಾಲು ಹಿಡಿದು ನಾನು ಮಗ್ಗದ ಕೆಳಗಿನ ಕುಣಿಗೆ ಇಳಿಯುವುದನ್ನು ಬಿಟ್ಟ ಮೇಲೆ ಸೊಸೆ ನೇಯುತ್ತಾಳೆ. ಅವಳ ಎದುರಿನ ಗೋಡೆಯಲ್ಲೇ ಟಿವಿ ತೂಗುಹಾಕಿಸಿಕೊಂಡಿದ್ದಾಳೆ.

ಕಣ್ಣು ಮುಚ್ಚಿದರೂ ಸೀರಿಯಲ್ಲಿನ ಹೆಂಗಸರು ನನ್ನ ರೆಪ್ಪೆಯೊಳಗೆ ಓಡಾಡುತ್ತಾರೆ. ಒಲೆಯ ಮುಂದೆಯೂ ರೇಷ್ಮೆ ಸೀರೆ, ಮಲಗುವಾಗಲೂ ಕೊರಳ ತುಂಬ ಹಾರ. ಒಬ್ಬಳ ಕೈಗೂ ಕೆಲಸವಿಲ್ಲ. ಕೆಲಸ ಇದ್ದಿದ್ದರೆ ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತು ಕದ್ದು ಕೇಳಲು ಯಾರಿಗೆ ಪುರಸೊತ್ತು? ಅಲ್ಲಿನ ಅತ್ತೆಯರೆಲ್ಲ ಸೊಸೆಯ ಹಾಲಿಗೆ ವಿಷ ಹಾಕುವವರೇ.

"ನೋಡ್ರಿ ಅತ್ತಿ, ಥೇಟ್ ನಿಮ್ಮಂಗ ಅದಾಳ," ಎನ್ನುತ್ತಾಳೆ ಸೊಸೆ.

"ವಿಷ ತರಾಕ ಬಜಾರಿಗೆ ಹೋಗ್ಬೇಕಲ್ಲವ್ವ. ನನ್ನ ಮೊಣಕಾಲು ಕೇಳಬೇಕಲ್ಲ," ಎನ್ನುತ್ತೇನೆ.

ಹಾಗೆಂದು ಹಳೆಯದನ್ನೆಲ್ಲ ಹೊಗಳಿ ಕೂರುವವಳು ನಾನಲ್ಲ. ಮಕ್ತಲಿನ ತವರಿನಲ್ಲಿ ನಮ್ಮಪ್ಪ ರೇಡಿಯೋ ಹಚ್ಚಿಕೊಂಡು ನೇಯುತ್ತಿದ್ದ. ಮುಳ್ಳು ತಿರುಗಿಸಿದರೆ ತೆಲುಗು, ಕನ್ನಡ, ಹಿಂದಿ, ಎಲ್ಲ ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಅರ್ಧ ಹಾಡುಗಳಲ್ಲಿ ಗಂಡಸು ಕುಡಿದು ಅಳುತ್ತಿದ್ದ. ಉಳಿದರ್ಧದಲ್ಲಿ ಹೆಂಗಸು ಅವನಿಗೋಸ್ಕರ ಅಳುತ್ತಿದ್ದಳು. ಈಗಿನ ಹಾಡುಗಳಲ್ಲಿ ಯಾರೂ ಅಷ್ಟು ಅಳುವುದಿಲ್ಲ, ಅದೊಂದು ಒಳ್ಳೆಯದಾಯಿತು. ಆದರೆ ಒಂದು ಮಾತೂ ತಿಳಿಯುವುದಿಲ್ಲ. ಮೊಮ್ಮಗಳು ಫೋನಿನಲ್ಲಿ ಹಚ್ಚುವುದಂತೂ ಬರೀ ಡಬಡಬ, ಗಿರಣಿಯಲ್ಲಿ ಖಾರ ಕುಟ್ಟಿದ ಹಾಗೆ. ಟಿವಿ ನೋಡಿಯೇ ನಮ್ಮ ಓಣಿಗೂ ಮದುವೆಗೆ ಮುಂಚೆ ಹಳದಿ ಬಟ್ಟೆ ತೊಟ್ಟು ಕುಣಿಯುವ ಪದ್ಧತಿ ಬಂದಿದೆ. ಹಿರಿಯರು ಮುಖ ಗಂಟಿಕ್ಕುತ್ತಾರೆ. ಕುಣಿಯಲಿ ಬಿಡಿ. ನಮ್ಮ ಕಾಲದಲ್ಲಿ ಮದುಮಗಳು ತಲೆ ಎತ್ತಿದರೆ ಗಲ್ಲಕ್ಕೆ ತಿವಿಯುತ್ತಿದ್ದರು. ಅದಕ್ಕಿಂತ ಕುಣಿಯುವುದೇ ವಾಸಿ.

ಈ ಮೊಮ್ಮಗಳಿಗೆ ಗದ್ವಾಲದ ನೇಕಾರರ ಮನೆಯಲ್ಲಿ ಸಂಬಂಧ ಕೂಡಿತು. ನಮ್ಮಲ್ಲಿ ನಿಶ್ಚಯದ ದಿನ ಹುಡುಗಿ ತನ್ನ ಮನೆಯ ಮಗ್ಗದಲ್ಲಿ ತಾಯಿ ನೇಯ್ದ ಸೀರೆಯನ್ನೇ ಉಡಬೇಕು. ಗಂಡಿನ ತಾಯಿ ಮೊದಲು ಸೀರೆಯನ್ನು ಮುಟ್ಟಿ ನೋಡುತ್ತಾಳೆ, ಹುಡುಗಿಯ ಮುಖ ಆಮೇಲೆ. ತಾಯಿಯ ಕೈಯಂತೆ ಮಗಳ ಕೈ ಎಂಬುದು ಲೆಕ್ಕ. ನೇಯ್ಗೆ ಒಪ್ಪಿಗೆಯಾದರೆ ಬರುವ ಸೊಸೆಗೆ ಒಂದು ಮಗ್ಗ ಬಿಟ್ಟುಕೊಡುತ್ತಾರೆ. ಇಲ್ಲದಿದ್ದರೆ ಮೂಲೆಯಲ್ಲಿ ಕೂತು ಉಳಿದವರ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವುದೇ ಅವಳ ಪಾಲಿಗೆ. ಮೊಮ್ಮಗಳು ಲಂಗದ ವಯಸ್ಸಿನಿಂದ ಮಗ್ಗದಲ್ಲಿ ಕೂತವಳು. ಹುಡುಗ ಹೇಗಿದ್ದಾನೆ ಎಂದು ಅವಳು ಹೆಚ್ಚು ಕೇಳಲಿಲ್ಲ. ಅವರ ಮನೆಯಲ್ಲಿ ರೇಷ್ಮೆಯ ಮಗ್ಗ ಇದೆಯೇ ಎಂದು ಕೇಳಿದಳು.

ನಮ್ಮ ಸೀರೆಗಳೆಲ್ಲ ಚೌಕಡಿಯವು, ಮೈತುಂಬ ಚೌಕ ಚೌಕ ಗೆರೆ. ಚೌಕಡಿಯಲ್ಲಿ ಕೈಯ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಆದರೆ ಸೀರಿಯಲ್ಲಿನ ನಾಯಕಿ ಒಂದು ಗೆರೆಯೂ ಇಲ್ಲದ ಅರಿಶಿನ ಬಣ್ಣದ ಸೀರೆ ಉಟ್ಟಿದ್ದಳಂತೆ, ಮೊಮ್ಮಗಳಿಗೆ ಅಂಥದ್ದೇ ಬೇಕಾಯಿತು. ಸೊಸೆ ಅದನ್ನೇ ನೇಯ್ದಳು, ದಿನವೂ ಅದೇ ಸೀರಿಯಲ್ ನೋಡುತ್ತ.

ಮಗ್ಗದಿಂದ ಇಳಿಸಿ ಬಾಗಿಲ ಬೆಳಕಿಗೆ ಹಿಡಿದಾಗ ಮೂವರೂ ಅದರ ಮೇಲೆ ಬಾಗಿದೆವು. ಸೀರೆಯ ಉದ್ದಕ್ಕೂ ಅಡ್ಡ ಪಟ್ಟೆಗಳು, ಒಂದಷ್ಟು ದಟ್ಟ, ಒಂದಷ್ಟು ತೆಳು. ಹೂಬಿಟ್ಟ ಸೂರ್ಯಕಾಂತಿ ಹೊಲದ ಮೇಲೆ ಮೋಡದ ನೆರಳು ಹಾದುಹೋದಂತೆ ಕಾಣುತ್ತಿತ್ತು. ನೋಡುತ್ತ ನಿಂತರೆ ಕಣ್ಣು ತೇಲಿಹೋಗುವಂತಿತ್ತು, ಆದರೆ ನೇಯ್ಗೆಯಲ್ಲಿ ಅದು ತಪ್ಪು. ಟಿವಿಯ ಅತ್ತೆ ಬೈದ ಕಡೆಯೆಲ್ಲ ನನ್ನ ಸೊಸೆ ಸಿಟ್ಟಿನಿಂದ ಎಳೆ ಕೂಡಿಸುವ ಹಲಗೆಯನ್ನು ಎಳೆದು ಬಡಿದಿದ್ದಳು. ನಾಯಕಿ ಕಣ್ಣೀರಿಟ್ಟ ಕಡೆ ಇವಳ ಕೈ ಸೋತಿತ್ತು. ಜಾಹೀರಾತು ಬಂದ ಕಡೆ ಮಾತ್ರ ನೇಯ್ಗೆ ನೆಟ್ಟಗಿತ್ತು.

"ಇಲ್ಲಿ ನೋಡು, ಆಕಿ ಗಂಡ ಬಿಟ್ಟುಹೋಗಿದ್ದು ಇಲ್ಲೇ," ಎಂದು ತೆಳು ಪಟ್ಟೆಯ ಮೇಲೆ ಬೆರಳಿಟ್ಟೆ. ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ಮೊಮ್ಮಗಳು ನಗಲಿಲ್ಲ.

"ನಗ್ತಿಯಲ್ಲ ಆಯಿ. ಇದನ್ನ ನೋಡಿದ್ರ ಜಿಂದಗಿ ಪೂರಾ ನನ್ನ ಕಂಡಿಕಿ ಸುತ್ತಾಕ ಕುಂದ್ರಸ್ತಾರ."

"ಅಂಗಡ್ಯಾಗಿಂದು ಒಂದು ತಂದ್ರಾತು ಬಿಡು. ಮನಿದ ಅಂತ ಹೇಳೋಣ," ಎಂದಳು ಸೊಸೆ.

"ಗದ್ವಾಲದವರಿಗಾ? ಅಂಚು ಮುಟ್ಟಿ ಯಾವ ಓಣಿದು ಅಂತ ಹೇಳ್ತಾರವ್ವ ಅವರು." ಮೊಮ್ಮಗಳು ಸೀರೆಯನ್ನು ಮಡಚಿದಳು. "ಬ್ಯಾಡ. ನೀ ನೇಯ್ದದ್ದ ಉಡ್ತೀನಿ. ಏನಾಗ್ತೈತೊ ಆಗ್ಲಿ."

ಇನ್ನೊಂದು ನೇಯಲು ಹೊತ್ತಿರಲಿಲ್ಲ. ಅವತ್ತು ಸಂಜೆಯ ಸೀರಿಯಲ್ಲನ್ನು ಮನೆಯಲ್ಲಿ ಯಾರೂ ಹಚ್ಚಲಿಲ್ಲ.

ನಿಶ್ಚಯದ ದಿನ ಗದ್ವಾಲದ ಬೀಗತಿ ಬಂದರು. ಒಣಕಲು ಮೈ, ಮಾತು ಕಡಿಮೆ. ಮೊಮ್ಮಗಳು ಎದುರಿಗೆ ನಿಂತಾಗ ಸೆರಗನ್ನು ಹೆಬ್ಬೆರಳಿನಲ್ಲಿ ಹಿಡಿದು ನೆರಿಗೆಯವರೆಗೆ ಮೆಲ್ಲಗೆ ಸವರಿಕೊಂಡು ಬಂದರು. ಬೆರಳು ನಿಲ್ಲುತ್ತಿತ್ತು, ಮುಂದೆ ಹೋಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಮೊಮ್ಮಗಳು ನೆಲ ನೋಡುತ್ತಿದ್ದಳು.

"ಇದ್ಯಾಕ ಹಿಂಗಾಗೈತಿ?" ಎಂದರು.

ನಾನೇ ಹೇಳಿದೆ. "ಸೀರಿಯಲ್ ನೋಡಕೋತ ನೇಯ್ದಾಳ್ರಿ ನಮ್ಮ ಸೊಸಿ. ಬೈಗುಳ ಬಂದಲ್ಲಿ ಬಿಗಿ, ಅಳು ಬಂದಲ್ಲಿ ಸಡ್ಲ. ಹುಡುಗಿ ಕೈದಲ್ರಿ ಇದು. ಆಕಿ ಕೈ ಬ್ಯಾರೆ ಐತಿ."

ಬೀಗತಿ ನಗಲಿಲ್ಲ. ಮೊಮ್ಮಗಳ ಕಡೆ ತಿರುಗಿದರು. "ನೀ ಏನು ನೋಡ್ತೀಯವ್ವ, ನೇಯೋ ಮುಂದ?"

"ನೋಡಂಗಿಲ್ರಿ. ಫೋನಾಗ ಹಾಡು ಹಚ್ಚಿಕೊಂತೀನಿ."

"ಎಂಥ ಹಾಡು?"

ಮೊಮ್ಮಗಳು ನನ್ನ ಕಡೆ ನೋಡಿ ಹೇಳಿದಳು. "ಡಬಡಬ ಅಂತಾಳ್ರಿ ನಮ್ಮಾಯಿ."

"ಕುಂದ್ರು ನೋಡೋಣ."

ನಿಶ್ಚಯಕ್ಕೆ ಬಂದವರ ಎದುರೇ ಮೊಮ್ಮಗಳು ನೆರಿಗೆ ಎತ್ತಿ ಕಟ್ಟಿ ಮಗ್ಗದ ಕುಣಿಗೆ ಇಳಿದಳು. ಮಗ್ಗದಲ್ಲಿ ಮುಂದಿನ ಸೀರೆಗೆಂದು ಹೊಸ ಹಾಸುನೂಲು ಏರಿಸಿದ್ದೆವು. ಫೋನನ್ನು ಪಕ್ಕದಲ್ಲಿಟ್ಟು ಹಾಡು ಹಚ್ಚಿದಳು. ಖಾರ ಕುಟ್ಟುವುದು ಶುರುವಾಯಿತು. ಅವಳ ಕಾಲು ತುಳಿಯಿತು, ಲಾಳಿ ಓಡಿತು, ಹಲಗೆ ಬಿತ್ತು. ಆಮೇಲೆ ಬಿದ್ದದ್ದೆಲ್ಲ ಅದೇ ತೂಕದ್ದು. ಬಂದವರು ಚಹಾ ಕುಡಿಯುವುದನ್ನು ಮರೆತು ಕೂತರು. ಬೀಗತಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಹಾಡಿನ ಬಡಿತ ಯಾವುದು, ಮಗ್ಗದ ಬಡಿತ ಯಾವುದು ಎಂದು ಸ್ವಲ್ಪ ಹೊತ್ತಿಗೆ ತಿಳಿಯದಾಯಿತು. ಆ ಹಾಡು ನನಗೆ ಇವತ್ತಿಗೂ ಸೇರುವುದಿಲ್ಲ. ಆದರೆ ಅದು ಅವಳ ಕೈಯನ್ನು ಅಳುವಂತೆ ಮಾಡಲಿಲ್ಲ, ಸಿಟ್ಟಿಗೆಬ್ಬಿಸಲೂ ಇಲ್ಲ.

ಬೀಗತಿ ಕಣ್ಣು ತೆರೆದು ಸೊಸೆಗೆ ಹೇಳಿದರು. "ನಮ್ಮನ್ಯಾಗ ಮಗ್ಗದ ಹತ್ರ ಟಿವಿ ಇಡಂಗಿಲ್ರಿ. ಫೋನು ತಂದ್ರ ತರ್ಲಿ." ಆಮೇಲೆ ಮೊಮ್ಮಗಳತ್ತ ತಿರುಗಿದರು. "ಕಿಡಕಿ ಮುಂದಿನ ರೇಷ್ಮಿ ಮಗ್ಗ ಖಾಲಿ ಐತಿ. ನೀನ ಕುಂದ್ರವ್ವ ಅದಕ್ಕ."

ಸೊಸೆ ಕಣ್ಣೊರೆಸಿಕೊಂಡಳು. ಮೊಮ್ಮಗಳು ಮಾತ್ರ ತಲೆ ಎತ್ತಲಿಲ್ಲ. ಆ ಗದ್ದಲದಲ್ಲಿ ಅವಳಿಗೆ ಏನೂ ಕೇಳಿಸಿರಲಿಲ್ಲ. ಕೂಗಿ ಹೇಳೋಣವೆಂದು ನಾನು ಬಾಯಿ ತೆರೆದೆ. ಬೀಗತಿ ಕೈ ಅಡ್ಡ ಮಾಡಿದರು.

"ಇರ್ಲಿ ಬಿಡ್ರಿ, ಹಾಡು ಮುಗೀಲಿ," ಎಂದರು.

ಕಾಯುತ್ತ ಕೂತೆವು.