ಬರುತ್ತಿದ್ದಾರೆ ಎಂದ ಮೈಕ್ ತಿಪ್ಪಣ್ಣ

ಮೈಕ್ ತಿಪ್ಪಣ್ಣ ಗುಟ್ಟು ಹೇಳಿದರೆ ಹೊಸದುರ್ಗದ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಒಮ್ಮೆ ನನ್ನ ಅಂಗಡಿಗೆ ಬಂದು, ಕಿವಿಯ ಹತ್ತಿರ ಬಾಯಿಟ್ಟು, "ಗ್ಲಾಸಕ್ಕಾ, ಯಾರಿಗೂ ಹೇಳ್ಬ್ಯಾಡ, ನಮ್ಮ ಹನುಮಕ್ಕ ಹಲ್ಲು ಕಟ್ಟಿಸ್ಕಂಡವ್ಳೆ" ಎಂದ. ಎದುರಿನ ಮಂಡಕ್ಕಿ ಅಂಗಡಿಯವನು ಒಗ್ಗರಣೆ ಸೌಟು ಕೆಳಗಿಟ್ಟು, "ಹೌದಾ? ಮೇಲಿನವಾ, ಕೆಳಗಿನವಾ?" ಎಂದು ಅಲ್ಲಿಂದಲೇ ಕೇಳಿದ. ಸಂಜೆಯೊಳಗೆ ಹನುಮಕ್ಕ, ಅಂದರೆ ತಿಪ್ಪಣ್ಣನ ಹೆಂಡತಿ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನನ್ನ ಮೇಲೆ ಜಗಳಕ್ಕೆ ಬಂದಳು. ನಾನಲ್ಲ ಮಹಾರಾಯ್ತಿ, ಊರಿಗೆ ಡಂಗುರ ಹೊಡೆದವನು ನಿನ್ನ ಗಂಡನೇ ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ನನ್ನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ದಿನವಿಡೀ ಗಾಜು ಕತ್ತರಿಸುವವಳಾದ್ದರಿಂದ ತಿಪ್ಪಣ್ಣ ನನಗೆ ಗ್ಲಾಸಕ್ಕ ಎಂದು ಹೆಸರಿಟ್ಟ. ಅಪ್ಪ ಅಮ್ಮ ಇಟ್ಟ ಚೆಂದದ ಹೆಸರು ಅಂದಿನಿಂದ ಮೂಲೆಗೆ ಬಿತ್ತು. ಅಂಗಡಿಯ ಪಕ್ಕದಲ್ಲೇ ಟಾಕೀಸು. ಅಲ್ಲಿಗೆ ಹೊಸ ಸಿನಿಮಾ ಬಂದಾಗಲೆಲ್ಲ ಹಳ್ಳಿಹಳ್ಳಿಗೆ ಹೋಗಿ ಮೈಕಿನಲ್ಲಿ ಸಾರಿ ಬರುವುದು ತಿಪ್ಪಣ್ಣನ ಕೆಲಸ. ಮೊದಲು ಜಟಕಾ ಗಾಡಿ, ಆಮೇಲೆ ಬಾಷಾನ ಆಟೊ. ಆಟೊದ ನೆತ್ತಿಯ ಮೇಲೆ ಮೈಕಿನ ಹಾರ್ನು, ಒಳಗೆ ಬ್ಯಾಟರಿ, ಬ್ಯಾಟರಿಯ ಮೇಲೆ ತಿಪ್ಪಣ್ಣ. ಹಾರ್ನಿನ ಕೆಳಗೆ ಕೂತು ಕೂತು ಅವನ ಎರಡು ಕಿವಿಯೂ ಮಂದವಾಗಿದ್ದವು. ತನಗೆ ಕೇಳಿಸುವಷ್ಟು ದನಿಯಲ್ಲಿ ಮಾತಾಡುತ್ತಿದ್ದ, ಅಷ್ಟೆ. ಅದು ಊರಿಗೆಲ್ಲ ಕೇಳಿಸಿದರೆ ಅದು ಊರಿನ ತಪ್ಪು ಎಂಬುದು ಅವನ ವಾದ.

ಸಿನಿಮಾ ಹೇಗೇ ಇರಲಿ, ಅವನ ಬಾಯಿಗೆ ಬಿದ್ದರೆ ಅದು ಬಂಗಾರ. "ತಾಯಂದಿರೇ, ಎರಡು ಕರವಸ್ತ್ರ ತನ್ನಿರಿ, ಒಂದು ಸಾಲದು!" ಎಂದು ಅವನು ಕೂಗಿದರೆ, ಕರವಸ್ತ್ರ ಎಂದರೇನೆಂದು ತಿಳಿಯದ ಹೆಂಗಸರು ಕೂಡ ಒಂದು ಹಳೇ ಸೀರೆಯ ತುಂಡು ಹಿಡಿದುಕೊಂಡು ಬರುತ್ತಿದ್ದರು. ಮನೆಯಲ್ಲೂ ಅದೇ ಧಾಟಿ. ಊಟಕ್ಕೆ ಕೂತು, "ಇಂದೇ ಕೊನೆಯ ದಿನ, ಉಪ್ಪಿನಕಾಯಿ! ಹೋದರೆ ಸಿಗದು!" ಎನ್ನುವುದು. ಹನುಮಕ್ಕ ಒಳಗಿನಿಂದ, "ಜಾಡಿ ಅಲ್ಲೇ ಮುಂದೈತೆ, ಬಡ್ಕಬ್ಯಾಡ, ಹಾಕ್ಕೊ" ಎನ್ನುವುದು. ಅವರ ಸಂಸಾರ ಹೀಗೇ ಸಾಗುತ್ತಿತ್ತು.

ಇಂಥ ತಿಪ್ಪಣ್ಣನ ಜೀವ ಒಬ್ಬ ಹಾಸ್ಯನಟನ ಮೇಲಿತ್ತು. ಅವನ ಹೆಸರನ್ನು ತಿಪ್ಪಣ್ಣ ಮೈಕಿನಲ್ಲಿ ಬಿಟ್ಟರೆ ಎಂದೂ ಹೇಳಿದ್ದಿಲ್ಲ. ಸ್ವಂತ ಅಣ್ಣನೋ ತಮ್ಮನೋ ಎಂಬಂತೆ "ನಮ್ಮೋನು" ಎನ್ನುತ್ತಿದ್ದ. ನಮ್ಮೋನು ದೊಡ್ಡ ನಾಯಕನೇನಲ್ಲ. ಕಡ್ಡಿಯಂಥ ಮೈ, ಜೋತುಬಿದ್ದ ಮೀಸೆ. ಪ್ರತಿ ಸಿನಿಮಾದಲ್ಲೂ ಒಂದು ಕಾಲಿನ ಚಪ್ಪಲಿ ಕಳೆದುಕೊಂಡು, ನಾಯಕ ನಾಯಕಿ ಏನು ಮಾಡಿಕೊಂಡರೂ ಸರಿ, ತಾನು ಮಾತ್ರ ಕೊನೆಯವರೆಗೆ ಆ ಚಪ್ಪಲಿ ಹುಡುಕುತ್ತಿರುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ತಿಪ್ಪಣ್ಣ ಮಾತ್ರ ನಗುತ್ತಿರಲಿಲ್ಲ. "ಪಾಪ, ಈ ಸಲನಾದ್ರೂ ಸಿಕ್ತೈತೇನೋ ಅಂತ ನೋಡ್ತಿದ್ದೆ ಕಣಕ್ಕ" ಎಂದು ನಿಟ್ಟುಸಿರು ಬಿಡುತ್ತಿದ್ದ.

ನಮ್ಮೋನನ್ನು ಒಂದು ಸಲ ಹೊಸದುರ್ಗಕ್ಕೆ ಕರೆಸಬೇಕು, ಅವನು ಬರುವುದನ್ನು ತಾನೇ ಸಾರಬೇಕು. ಇದೊಂದೇ ತಿಪ್ಪಣ್ಣನ ಬದುಕಿನ ಆಸೆ. ಬರುವ ಸುದ್ದಿಯೇ ಇಲ್ಲದಿದ್ದರೂ ಸಾರುವ ಮಾತು ಮಾತ್ರ ತಯಾರಿತ್ತು. ಅದನ್ನು ಅವನು ಸ್ನಾನ ಮಾಡುವಾಗ, ಆಟೊ ಒರೆಸುವಾಗ, ನನ್ನ ಅಂಗಡಿಯ ಕಟ್ಟೆಯ ಮೇಲೆ ಚಾ ಆರಿಸುವಾಗ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದ. "ಬರುತ್ತಿದ್ದಾರೆ! ಬರುತ್ತಿದ್ದಾರೆ! ನಿಮ್ಮೂರಿಗೆ, ನಿಮ್ಮೆದುರಿಗೆ, ಪರದೆಯ ಮೇಲಲ್ಲ, ಸ್ವತಃ ಬರುತ್ತಿದ್ದಾರೆ! ಒಲೆ ಆರಿಸಿ ಬನ್ನಿರಿ, ಬಾಗಿಲು ಹಾಕಿ ಬನ್ನಿರಿ, ಅತ್ತೆಯನ್ನೂ ಕರೆತನ್ನಿರಿ!" ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. "ಅತ್ತೆ ಯಾಕೋ ತಿಪ್ಪಣ್ಣ?" ಎಂದು ನಾನು ಛೇಡಿಸುತ್ತಿದ್ದೆ. "ಅತ್ತೆ ಬಿಟ್ಟು ಬಂದ್ರೆ ಸೊಸೆ ಆರಾಮಾಗಿ ನಗ್ತಾಳಾ? ಮನೇಲಿ ಏನಾತೋ ಅಂತ ಕುಂತಿರ್ತಾಳೆ" ಎನ್ನುತ್ತಿದ್ದ. ಅವನ ಲೆಕ್ಕಾಚಾರವೇ ಹಾಗೆ.

ಒಮ್ಮೆ ಯಾರೋ ಪುಣ್ಯಾತ್ಮರು, ನಮ್ಮೋನು ರೈಲಿನಲ್ಲಿ ಹೋಗುತ್ತಾನೆ, ರಾಮಗಿರಿ ಸ್ಟೇಷನ್ನಿನಲ್ಲಿ ಇಳಿದು ಚಾ ಕುಡಿಯುತ್ತಾನೆ ಎಂದು ಇವನ ಕಿವಿಯಲ್ಲಿ ಊದಿದರು. ಊದಿದವರು ಗಟ್ಟಿಯಾಗಿಯೇ ಊದಿರಬೇಕು, ಇಲ್ಲದಿದ್ದರೆ ಕೇಳಿಸುತ್ತಿರಲಿಲ್ಲ. ತಿಪ್ಪಣ್ಣ ಮಾರುದ್ದದ ಹಾರ ಹಿಡಿದು ಬಾಷಾನ ಆಟೊದಲ್ಲಿ ಹೊರಟ. ರೈಲು ಬಂತು. ಕಡ್ಡಿಯಂಥ ಮೈಯ, ಜೋತುಬಿದ್ದ ಮೀಸೆಯ ಒಬ್ಬರು ಇಳಿದರು. ತಿಪ್ಪಣ್ಣ ಹಿಂದೆ ಮುಂದೆ ನೋಡದೆ ಹಾರ ಹಾಕಿ, ಕಾಲಿಗೆ ಬಿದ್ದು, ಎರಡು ಮಾತಾಡಬೇಕು ಎಂದು ಕೇಳಿಕೊಂಡ. ಅವರು ಬಬ್ಬೂರಿನ ಕೃಷಿ ಫಾರಂನ ಅಧಿಕಾರಿ. ಆ ಕಡೆಯ ರೈತರ ಶೇಂಗಾ ಬೆಳೆ ನೋಡಲು ಬಂದಿದ್ದರು. ಸರ್ಕಾರಿ ಕೆಲಸಕ್ಕೆ ಸೇರಿದಾಗಿನಿಂದ ಒಂದು ಹಾರ ಕಾಣದವರು, ಪಾಪ, ಕಣ್ಣು ತುಂಬಿಕೊಂಡು ಶೇಂಗಾ ಬೀಜೋಪಚಾರದ ಬಗ್ಗೆ ಭಾಷಣವನ್ನೇ ಮಾಡಿದರು. ಪ್ಲಾಟ್‌ಫಾರ್ಮಿನ ಮೇಲೆ ತಿಪ್ಪಣ್ಣ ಮತ್ತು ಬಾಷಾ ಇಬ್ಬರೇ ಚಪ್ಪಾಳೆ ತಟ್ಟಿದರಂತೆ.

"ಅಲ್ಲಯ್ಯಾ, ಬೀಜದ ಮಾತು ಬಂದಾಗಲಾದ್ರೂ ಗೊತ್ತಾಗ್ಲಿಲ್ವಾ?" ಎಂದು ಕೇಳಿದೆ.

"ನಮ್ಮೋನೇ ಅದು. ಜನ ಮುತ್ಕಂತಾರೆ ಅಂತ ಹಂಗೆ ಮಾತಾಡಿದ" ಎಂದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಆದ್ರೆ ಎರಡು ಕಾಲಾಗೂ ಚಪ್ಪಲಿ ಇದ್ವು" ಎಂದ.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮೋನು ತೀರಿಕೊಂಡ. ರೇಡಿಯೊ ಅವನ ಬಗ್ಗೆ ಒಂದೇ ಸಾಲು ಹೇಳಿ ಹವಾಮಾನಕ್ಕೆ ಹೋಗಿಬಿಟ್ಟಿತು. ಸ್ವಲ್ಪ ಹೊತ್ತಿಗೆ ತಿಪ್ಪಣ್ಣ ನನ್ನ ಅಂಗಡಿಗೆ ಬಂದ. ಪೋಸ್ಟರಿನಿಂದ ಕತ್ತರಿಸಿದ ನಮ್ಮೋನ ಮುಖವನ್ನು ಮೇಜಿನ ಮೇಲಿಟ್ಟು ನಿಂತ. ಅವನು ಸುಮ್ಮನೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು, ನನಗೇ ಭಯವಾಯಿತು. ಸತ್ತವರಿಗೆ ಹಾಕುವ ಕಪ್ಪು ಕಟ್ಟು ತೆಗೆದೆ. "ಕಪ್ಪು ಬ್ಯಾಡಕ್ಕ. ಅವ್ನು ಕಪ್ಪು ಕಟ್ಟಿನಾಗೆ ಸುಮ್ನೆ ಕೂರೋ ಮನುಷ್ಯನಾ?" ಎಂದ. ನಾನು ಬಂಗಾರದ ಬಣ್ಣದ ಕಟ್ಟು ಹಾಕಿಕೊಟ್ಟೆ.

ಟಾಕೀಸು ಅಷ್ಟು ಹೊತ್ತಿಗೆ ಕಾಯಂ ಆಗಿ ಮುಚ್ಚಿತ್ತು. ತಿಪ್ಪಣ್ಣ ಮಾಲೀಕರ ಕೈಕಾಲು ಹಿಡಿದು, ಮುಂದಿನ ಭಾನುವಾರ ಮ್ಯಾಟಿನಿ ಹೊತ್ತಿಗೆ ಶ್ರದ್ಧಾಂಜಲಿ ಸಭೆಗೆಂದು ಅದನ್ನು ತೆರೆಸಿದ. "ಬದುಕಿದ್ದಾಗ ಅವನ ಸಿನಿಮಾಕ್ಕೆ ಖಾಲಿ ಕುರ್ಚಿ ಬಿಟ್ಟೋನಲ್ಲ ನಾನು. ಈಗ ಬಿಡ್ತೀನಾ?" ಎನ್ನುತ್ತ, ಬಾಷಾನ ಆಟೊ ಹತ್ತಿ ಹಾಲುರಾಮೇಶ್ವರದ ಕಡೆಯ ಹಳ್ಳಿಗಳನ್ನೂ ಹೊಳಲ್ಕೆರೆ ರಸ್ತೆಯ ಹಳ್ಳಿಗಳನ್ನೂ ಸುತ್ತಿ ಸಾರಿ ಬಂದ.

ಭಾನುವಾರ ನಾನು ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತೇನೆ, ಜನವೋ ಜನ! ಟ್ರ್ಯಾಕ್ಟರಿನಲ್ಲಿ, ಎತ್ತಿನ ಗಾಡಿಯಲ್ಲಿ, ನಡೆದುಕೊಂಡು. ಹೆಂಗಸರು ಮಲ್ಲಿಗೆ ಮುಡಿದಿದ್ದಾರೆ, ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿದ್ದಾರೆ, ಪೀಪಿ ಊದಿಸುತ್ತಿದ್ದಾರೆ. ಅತ್ತೆಯಂದಿರೂ ಬಂದಿದ್ದಾರೆ. ಇದೆಂಥ ಶ್ರದ್ಧಾಂಜಲಿಯಪ್ಪಾ ಎಂದುಕೊಂಡೆ. ಕಂಬಳಿ ಹೊದ್ದ ಒಬ್ಬ ಕುರುಬರ ಅಜ್ಜ ಕಂಕುಳಲ್ಲಿ ಹೊಸ ಚಪ್ಪಲಿ ಜೋಡಿ ಇಟ್ಟುಕೊಂಡು ನನ್ನನ್ನು ಕೇಳಿದ. "ಅವ್ವಾ, ಚಪ್ಪಲಿ ಕಳ್ಕಣೋ ಆ ನಗಸೋ ಮನುಷ್ಯ ಬಂದ್ನಾ? ನಮ್ಮೂರಾಗೆ ಹೊಲಿಸ್ಕಂಡು ಬಂದೀನಿ. ಇವು ಕಳ್ದೋಗೋದಿಲ್ಲ, ಗಟ್ಟಿ ಅವೆ."

ಬಾಷಾನನ್ನು ಹಿಡಿದು ನಿಲ್ಲಿಸಿದೆ. "ಮೈಕಿನಲ್ಲಿ ಏನಂತ ಹೇಳಿದ್ನೋ ಅವನು?"

ಬಾಷಾ ಟೋಪಿ ತೆಗೆದು ತಲೆ ಕೆರೆದುಕೊಂಡ. "ಶುರು ಸರಿಯಾಗೇ ಮಾಡಿದ್ರು ಅಕ್ಕಾ. ಮಾನ್ಯರೇ, ಮಹನೀಯರೇ, ದುಃಖದ ಸುದ್ದಿ ಅಂದ್ರು. ಅಷ್ಟರಾಗೆ ಅಳು ಬಂತು. ಅಳು ಬಂದ ಕೂಡ್ಲೇ ಬಾಯಿ ತನ್ನಷ್ಟಕ್ಕೆ ತಾನು ಬರುತ್ತಿದ್ದಾರೆ, ಬರುತ್ತಿದ್ದಾರೆ ಅಂತ ಹಳೇದನ್ನೇ ಹೇಳಕ್ ಹಿಡೀತು. ಮುಂದಿನ ಊರಾಗೂ ಅಷ್ಟೇ. ಅವ್ರಿಗೆ ಗೊತ್ತೇ ಆಗ್ಲಿಲ್ಲ."

"ನಿನಗೆ ಗೊತ್ತಾಯ್ತಲ್ಲ, ತಡೀಬಾರದಿತ್ತಾ?"

"ಹೆಂಗ್ ತಡೀಲಿ ಅಕ್ಕಾ? ಎಷ್ಟು ಚೆಂದ ಹೇಳ್ತಿದ್ರು ಗೊತ್ತಾ!"

ರೇಡಿಯೊ ಕೇಳಿದ್ದ ಕೆಲವರು ಕೂಡ, "ಸ್ವತಃ ಬರುತ್ತಿದ್ದಾರೆ" ಎಂದು ತಿಪ್ಪಣ್ಣನೇ ಸಾರಿದ ಮೇಲೆ ರೇಡಿಯೊದವರೇ ಎಡವಟ್ಟು ಮಾಡಿರಬೇಕು ಎಂದುಕೊಂಡು ಬಂದಿದ್ದರು. ನಾನು ಜನರ ನಡುವೆ ನುಗ್ಗಿ ಪರದೆಯ ಹಿಂದೆ ಹೋದೆ. ಅಲ್ಲಿ ತಿಪ್ಪಣ್ಣ ಬಂಗಾರದ ಕಟ್ಟಿನ ಫೋಟೊವನ್ನು ಎದೆಗವಚಿಕೊಂಡು ನಿಂತಿದ್ದ. ಜನ ಶಿಳ್ಳೆ ಹಾಕುವುದನ್ನು ಕೇಳಿ ಅವನಿಗೂ ತನ್ನ ಬಾಯಿ ಮಾಡಿದ ಘಾತ ತಿಳಿದಿತ್ತು. ನನ್ನ ಕಿವಿಗೆ ಬಾಯಿಟ್ಟು ಗುಟ್ಟಾಗಿ ಹೇಳಿದ.

"ಗ್ಲಾಸಕ್ಕಾ, ಇಷ್ಟು ಆಸೆಯಿಂದ ಬಂದವ್ರೆ. ಅವ್ನು ಸತ್ತೋಗವ್ನೆ ಅಂತ ಈ ಜನಕ್ಕೆ ಹೆಂಗೆ ಹೇಳ್ಲಿ?"

ಪರದೆಯ ಆಚೆ ಪೀಪಿ ನಿಂತಿತು. ಶಿಳ್ಳೆ ನಿಂತಿತು. ಇಡೀ ಟಾಕೀಸು ಗಪ್‌ಚಿಪ್. ತಿಪ್ಪಣ್ಣನ ಗುಟ್ಟು ಕೊನೆಯ ಬೆಂಚಿಗೂ ತಲುಪಿತ್ತು. ನಾನು ಅವನ ತೋಳು ಹಿಡಿದು ಹೊರಗೆ ತಂದು ಜನರ ಮುಂದೆ ನಿಲ್ಲಿಸಿದೆ. ಬೈಯುತ್ತಾರೆ, ಚಪ್ಪಲಿ ಎಸೆಯುತ್ತಾರೆ ಎಂದುಕೊಂಡಿದ್ದೆ. ಆ ಕುರುಬರ ಅಜ್ಜ ಎದ್ದು ಬಂದು, "ಹಂಗಾದ್ರೆ ಇವನ್ನ ಯಾರಿಗೆ ಕೊಡ್ಲಪ್ಪ?" ಎಂದು ಚಪ್ಪಲಿ ತೋರಿಸಿದ.

ತಿಪ್ಪಣ್ಣ ಫೋಟೊವನ್ನು ಕುರ್ಚಿಯ ಮೇಲಿಟ್ಟ. ತನ್ನ ಒಂದು ಕಾಲಿನ ಚಪ್ಪಲಿ ಬಿಟ್ಟ. ಇನ್ನೊಂದು ಕಾಲಿನಲ್ಲಿ ಚಪ್ಪಲಿ ಇಟ್ಟುಕೊಂಡು, ಥೇಟ್ ನಮ್ಮೋನ ಹಾಗೆ ಕುಂಟುತ್ತ, ಮೀಸೆ ಇಳಿಬಿಟ್ಟುಕೊಂಡು ಹುಡುಕತೊಡಗಿದ. ಕುರ್ಚಿಯ ಕೆಳಗೆ ನೋಡಿದ. ಬಾಷಾನ ಟೋಪಿ ಎತ್ತಿ ಅದರೊಳಗೆ ನೋಡಿದ. ಯಾರದೋ ಅತ್ತೆಯ ಎಲೆಅಡಿಕೆ ಚೀಲದಲ್ಲಿ ಇಣುಕಿದ. ಮೊದಲು ಒಂದು ಮಗು ನಕ್ಕಿತು. ಆಮೇಲೆ ಆ ಅತ್ತೆ. ಆಮೇಲೆ ಟಾಕೀಸೇ ನಕ್ಕಿತು. ಕೊನೆಗೆ ಅಜ್ಜನ ಹೊಸ ಚಪ್ಪಲಿ ತೆಗೆದುಕೊಂಡು ಫೋಟೊದ ಮುಂದಿಟ್ಟು, "ಸಿಕ್ತು ಕಣಪ್ಪ, ಇನ್ನು ಹುಡುಕಬ್ಯಾಡ" ಎಂದವನು ಗೊಳೋ ಎಂದು ಅತ್ತ. ನಗುತ್ತಿದ್ದ ಜನರೂ ಅತ್ತರು. ನಾನೂ ಅತ್ತೆ. ಅದರಲ್ಲಿ ನಾಚಿಕೆಯೇನು?

ಊರು ಕ್ಷಮಿಸಿತು, ಆದರೆ ಅವನು ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. "ಬರ್ತಾರೆ ಅಂತ ಒಂದ್ಸಲ ನಿಜವಾಗಿ ಹೇಳ್ಬೇಕು ಅಂತಿದ್ದೆ ಕಣಕ್ಕ. ಹೇಳಿದ್ದೊಂದ್ಸಲ, ಅದೂ ಸುಳ್ಳಾತು" ಎಂದು ನನ್ನ ಕಟ್ಟೆಯ ಮೇಲೆ ಕೂತು ಎಷ್ಟೋ ಸಲ ಹೇಳಿದ. ಅಲ್ಲಿಂದ ಮುಂದೆ ಆ ಮಾತನ್ನೇ ಅವನು ಮೈಕಿನಲ್ಲಿ ಆಡಲಿಲ್ಲ. ಚುನಾವಣೆಯವರು ನಾಯಕರ ಭಾಷಣ ಸಾರಲು ಕರೆದರೆ, "ಬರಬಹುದು, ಬಂದರೆ ನೋಡಿರಿ" ಎಂದು ಸಾರಿ ಬರುತ್ತಿದ್ದ. ಎಲ್ಲ ಪಕ್ಷದವರೂ ಕೈಮುಗಿದು ಅವನನ್ನು ಬಿಟ್ಟರು.

ಹೋದ ತಿಂಗಳು ತಿಪ್ಪಣ್ಣನೂ ಹೋದ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವನು ಏಳಲಿಲ್ಲ. ಸಂಜೆ ಬಿಸಿಲು ತಗ್ಗಿದ ಮೇಲೆ ಟ್ರ್ಯಾಕ್ಟರಿನಲ್ಲಿ ಹೂವಿನ ನಡುವೆ ಅವನನ್ನು ಕೂರಿಸಿದರು, ಪಕ್ಕದಲ್ಲಿ ಹನುಮಕ್ಕ. ಮುಂದೆ ಬಾಷಾನ ಆಟೊ, ನೆತ್ತಿಯ ಮೇಲೆ ಅದೇ ಹಾರ್ನು. ಬಾಷಾ ಮೈಕು ತಂದು ನನ್ನ ಕೈಗಿಟ್ಟು, "ನಾನು ಆಟೊ ಓಡಿಸ್ಬೇಕು. ನೀನೇ ಹೇಳಕ್ಕ" ಎಂದ. ನಾನು ತಿಪ್ಪಣ್ಣನ ಬ್ಯಾಟರಿಯ ಮೇಲೆ ಕೂತೆ.

ಮಾನ್ಯರೇ, ಮಹನೀಯರೇ ಎಂದು ಶುರು ಮಾಡಿದೆ. ದೈವಾಧೀನರಾಗಿದ್ದಾರೆ ಎಂದೆ. ನನ್ನ ದನಿ ಸೊಳ್ಳೆಯ ದನಿಯಾಗಿತ್ತು. ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಹಿಂದಿನಿಂದ ಹನುಮಕ್ಕ ಕೂಗಿದಳು. "ಏ ಗ್ಲಾಸಕ್ಕಾ, ಜೋರಾಗಿ ಹೇಳೇ! ಅವನಿಗೆ ಕಿವಿ ಕೇಳ್ಸಲ್ಲ!"

ತಿರುಗಿ ನೋಡಿದೆ. ಟ್ರ್ಯಾಕ್ಟರಿನ ಮೇಲೆ ಹಾರ ಹಾಕಿಸಿಕೊಂಡು, ತಲೆ ಸ್ವಲ್ಪ ವಾಲಿಸಿಕೊಂಡು, ನಾನು ಏನು ಹೇಳುತ್ತೇನೋ ಎಂದು ಕಾದು ಕೂತವನ ಹಾಗಿದ್ದ. ಅಳು ಬಂತು. ಅಳು ಬಂದ ಕೂಡಲೇ ಬಾಯಿ ತನ್ನಷ್ಟಕ್ಕೆ ತಾನು ಹೇಳತೊಡಗಿತು.

"ಬರುತ್ತಿದ್ದಾರೆ! ಬರುತ್ತಿದ್ದಾರೆ! ನಿಮ್ಮ ಬೀದಿಗೆ, ನಿಮ್ಮೆದುರಿಗೆ, ಸ್ವತಃ ಬರುತ್ತಿದ್ದಾರೆ ನಿಮ್ಮ ಮೈಕ್ ತಿಪ್ಪಣ್ಣ! ಒಲೆ ಆರಿಸಿ ಬನ್ನಿರಿ, ಬಾಗಿಲು ಹಾಕಿ ಬನ್ನಿರಿ, ಅತ್ತೆಯನ್ನೂ ಕರೆತನ್ನಿರಿ!"

ಬಾಗಿಲುಗಳು ತೆರೆದವು. ಮಂಡಕ್ಕಿ ಅಂಗಡಿಯವನು ಸೌಟು ಕೆಳಗಿಟ್ಟು ರಸ್ತೆಗಿಳಿದ. ಅತ್ತೆಯರು ಸೊಸೆಯರ ಕೈಹಿಡಿದು ಹೊರಗೆ ಬಂದರು. ಬಾಷಾ ಆಟೊ ನಿಧಾನ ಮಾಡಿದ. ಹಿಂದೆ ತಿಪ್ಪಣ್ಣ ನಿಜವಾಗಿಯೂ ಬರುತ್ತಿದ್ದ.