ಮೂರನೇ ಸಾಲಿನ ನಕ್ಷತ್ರ

ಇಂಟರ್ನೆಟ್ ಕಂಪನಿಯೊಂದರಲ್ಲಿ ನಾನು ಲೈನ್ ರಿಪೇರಿಗೆ ಓಡಾಡುತ್ತಿದ್ದಾಗ ದೇಶಪಾಂಡೆ ನಗರದ ನಮ್ಮ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಗಿರಾಕಿ ಏನೇ ದೂರು ಹೇಳಲಿ, ಮೊದಲು ದಾರಿ ತೋರಿಸುವ ಕಮಾಂಡ್ ಓಡಿಸುವುದು. ನಾವು ಕಳಿಸಿದ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಯಾವ ಯಾವ ರೂಟರ್ ದಾಟಿತು ಎಂದು ಅದು ಸಾಲು ಸಾಲಾಗಿ ತೋರಿಸುತ್ತದೆ. ಉತ್ತರ ಕೊಡದ ರೂಟರಿನ ಸಾಲಿನಲ್ಲಿ ನಕ್ಷತ್ರ ಚಿಹ್ನೆ ಬೀಳುತ್ತದೆ. ನಕ್ಷತ್ರ ಕಂಡರೆ ಮುಗಿಯಿತು, ಅದರ ಫೋಟೊ ತೆಗೆದು ನಮಗೆ ಲೈನ್ ಕೊಡುವ ದೊಡ್ಡ ಕಂಪನಿಗೆ ಕಳಿಸಿ, ತಪ್ಪು ಮೇಲಿನವರದು ಎಂದು ಚಹಾಕ್ಕೆ ಹೋಗುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಇದನ್ನು ಇಂಜಿನಿಯರಿಂಗ್ ಅನ್ನುತ್ತಿದ್ದೆವು.

ಬೆಂಗೇರಿಯಲ್ಲಿ, ಓಣಿಯವರೆಲ್ಲ ಆಪಾ ಎನ್ನುತ್ತಿದ್ದ ಹೆಣ್ಣುಮಗಳೊಬ್ಬರು ಮನೆಯಲ್ಲೇ ಎಂಟು ಹೊಲಿಗೆ ಮಶೀನ್ ಇಟ್ಟಿದ್ದರು. ಓಣಿಯ ಎಂಟು ಹೆಂಗಸರೇ ಕೆಲಸಕ್ಕೆ. ಶಾಲೆಗಳ ಯೂನಿಫಾರ್ಮ್ ಟೆಂಡರನ್ನು ಅವರು ಅಂದು ಸಂಜೆ ಐದರೊಳಗೆ ಸೈಟಿಗೆ ಏರಿಸಬೇಕಿತ್ತು. ತಪ್ಪಿದರೆ ಆ ವರ್ಷ ಎಂಟೂ ಜನರಿಗೆ ಕೆಲಸವಿಲ್ಲ.

ಹನ್ನೊಂದಕ್ಕೆ ಹೋದೆ. ಯಾವ ಸೈಟಿನ ಹೆಸರು ಹೊಡೆದರೂ ಸಿಗುತ್ತಿಲ್ಲ ಎಂದು ಅವರು ಸ್ಪಷ್ಟವಾಗಿಯೇ ಹೇಳಿದರು. ಹೊಲಿಯುವವರಿಗೆ ಲೈನಿನ ಗೊಡವೆ ಏನು ತಿಳಿದೀತು ಎಂಬ ಧಿಮಾಕಿನಲ್ಲಿ ಸುಮ್ಮನೆ ತಲೆಯಾಡಿಸಿದೆ. ಕಮಾಂಡ್ ಓಡಿಸುವಾಗ ಸೈಟಿನ ಹೆಸರು ಟೈಪ್ ಮಾಡಲು ನನಗೆ ಬೇಸರ. ಹೆಸರಿನ ಬದಲು, ಬಾಯಿಪಾಠವಿದ್ದ ಯಾವುದೋ ಸೈಟಿನ ನಂಬರ್ ವಿಳಾಸ ಹೊಡೆದೆ. ಮೂರನೇ ಸಾಲಿನಲ್ಲಿ ನಕ್ಷತ್ರ. ಅದರ ಕೆಳಗೆ ಕೊನೆಯವರೆಗೂ ಉತ್ತರ ಚೊಕ್ಕಟವಾಗಿ ಬಂದಿತ್ತು, ಆದರೆ ಅಷ್ಟು ಓದುವ ತಾಳ್ಮೆ ಈ ಪಂಡಿತನಿಗೆಲ್ಲಿ? ಪ್ಯಾಕೆಟ್ ದಾರಿಯಲ್ಲೇ ಕಳೆದುಹೋಗುತ್ತಿವೆ ಎಂದು ತೀರ್ಪು ಕೊಟ್ಟೆ.

ಹಾಗಾದರೆ ಪೇಟೆಯ ಸೈಬರ್ ಅಂಗಡಿಗೆ ಹೋಗಿ ಏರಿಸಿ ಬರಲೇ ಎಂದು ಅವರು ಕೇಳಿದರು.

“ಎಲ್ಲಿಗೂ ಹೋಗಬ್ಯಾಡ್ರಿ ಆಪಾ. ನಾ ಇದ್ದೀನಲ್ಲ, ಎರಡು ತಾಸಿನ್ಯಾಗ ಛಲೋ ಮಾಡಿ ಕೊಡ್ತೇನಿ.”

ಎರಡು ತಾಸು ನಾಲ್ಕಾಯಿತು, ಐದಾಯಿತು. ತಮ್ಮ ಕಡೆ ಎಲ್ಲ ಸರಿಯಿದೆ ಎಂದ ದೊಡ್ಡ ಕಂಪನಿಯವರನ್ನು ಫೋನಿನಲ್ಲೇ ಬೈದೆ. ಆಪಾ ಮೂರು ಸಲ ಚಹಾ ಕೊಟ್ಟರು. ಮೂರು ಸಲವೂ ನಾಚಿಕೆಯಿಲ್ಲದೆ ಕುಡಿದೆ.

ಗಡಿಯಾರ ಐದು ದಾಟಿದ ಮೇಲೆ ಸೊಕ್ಕು ಇಳಿದು, ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಹಚ್ಚಿದೆ. ನಕ್ಷತ್ರದ ಕಥೆ ಕೇಳಿ, ಪ್ಯಾಕೆಟ್ ಕೊನೆಯ ಸಾಲು ಮುಟ್ಟಿದೆಯೇ ಎಂದರು. ಮುಟ್ಟಿದೆ ಎಂದೆ. ಹಾಗಿದ್ದರೆ ನಡುವಿನ ನಕ್ಷತ್ರಕ್ಕೆ ಕಿಮ್ಮತ್ತಿಲ್ಲ, ಆ ರೂಟರ್ ಪ್ಯಾಕೆಟ್ ದಾಟಿಸುತ್ತದೆ, ನಿನ್ನಂಥವರಿಗೆ ಉತ್ತರ ಕೊಡುವುದಿಲ್ಲ ಅಷ್ಟೆ ಎಂದು ನಕ್ಕರು. ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವ ಸರ್ವರ್ ಯಾವುದಿದೆ ನೋಡು ಎಂದರು. ನೋಡಿದೆ. ಆಪಾರ ಮನೆಯ ಇಂಟರ್ನೆಟ್ ಡಬ್ಬಿಯಲ್ಲಿ, ನಮ್ಮ ಆಫೀಸೇ ಹಿಂದಿನ ದಿನ ಬಂದ್ ಮಾಡಿದ್ದ ಹಳೆಯ ಸರ್ವರಿನ ವಿಳಾಸವಿತ್ತು. ಬೆಂಗೇರಿಯ ಡಬ್ಬಿಗಳಲ್ಲೆಲ್ಲ ಅದನ್ನು ಬದಲಿಸುವ ಕೆಲಸ ನನ್ನದೇ. ನಾನು ನಾಳೆ ನೋಡೋಣ ಎಂದು ಬಿಟ್ಟಿದ್ದೆ.

ಒಂದು ಸಾಲು ತಿದ್ದಿದೆ. ಸೈಟ್ ತೆರೆಯಿತು. ಅವಧಿ ಮುಗಿದಿದೆ ಎಂದು ಬರೆದಿತ್ತು.

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಹಳೆ ಚಟ ಬಿಡಬೇಕಲ್ಲ, ಇದೆಲ್ಲ ಬಲು ತೊಡಕಿನ ವಿಷಯ ಎಂದು ಸಮಜಾಯಿಷಿ ಶುರು ಮಾಡಿದೆ. ಆಪಾ ತಡೆದರು.

“ಹೆಸರು ಹೊಡದ್ರ ಸಿಗವಲ್ದು ಅಂತ ಮುಂಜಾನೆನ ಹೇಳಿದ್ನಿರಿ. ನಾವು ಕತ್ತರಿ ಹಿಡಿಯೂಕಿಂತ ಮದಲ ಅಳತಿ ತಗೋತೇವಿ.”

ಆಮೇಲೆ ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸರ ಕಡೆ ತಿರುಗಿ, ನಾಳೆಯಿಂದ ಬರುವುದು ಬೇಡ ಎಂದು ಹೇಳಿದರು.