ತಾನಾಗಿ ಬಂದ ಕರೆಂಟು

ಕಾರ್ತಿಕ ಮಾಸದ ಒಂದು ಸೋಮವಾರ, ಬೆಳಗ್ಗೆ ಆರೂ ನಲವತ್ತು. ಗುಮ್ಮಳಾಪುರದ ಹತ್ತಿರ ನಮ್ಮ ಹೊಲದ ದನದ ಕೊಟ್ಟಿಗೆಯಲ್ಲಿ ಮೂವರು ಇದ್ದೆವು: ನಾನು, ನನ್ನ ಹೆಂಡತಿ, ನನ್ನ ತಮ್ಮ. ತಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದ. ಹೆಂಡತಿ ಮೇವು ಕತ್ತರಿಸುವ ಯಂತ್ರದ ಮುಂದೆ ನಿಂತು ಹಸಿ ಹುಲ್ಲು ಕೊಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಾ, ಏಳೂ ಕಾಲಿಗೆ ಹಾಲು ಡೈರಿಯಲ್ಲಿರಬೇಕು ಎಂದು ಎರಡನೇ ಸಲ ಹೇಳಿದೆ.

ಇಬ್ಬನಿಗೆ ನೆನೆದ ಹುಲ್ಲು, ಅದನ್ನು ಒಳಗೆಳೆಯುವ ಉರುಳೆಗಳ ನಡುವೆ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಕಡೆ ಮೋಟಾರಿಗೆ ಬೇಕಾದ ಮೂರು ಫೇಸ್ ಕರೆಂಟು ಇರುವುದೇ ಕೆಲವು ಗಂಟೆ, ಅದರಲ್ಲೂ ಹೋಗಿ ಬಂದು ಮಾಡುತ್ತದೆ. ಯಂತ್ರ ನಿಂತಿತು. ಸಿಕ್ಕಿದ ಹುಲ್ಲನ್ನು ಎಳೆಯಲು ಅವಳು ಬಲಗೈ ಒಳಗೆ ಹಾಕಿದಳು. ಇಪ್ಪತ್ತು ಎಣಿಸುವಷ್ಟರಲ್ಲಿ ಕರೆಂಟು ಬಂತು; ಯಂತ್ರ ತಾನಾಗಿ ತಿರುಗಿತು.

ಅವಳು ಕೂಗಲಿಲ್ಲ. ಉಸಿರು ಒಳಗೆಳೆದುಕೊಂಡ ಒಂದು ಶಬ್ದ ಮಾತ್ರ ಕೇಳಿಸಿತು. ತಮ್ಮ ಓಡಿ ಗೋಡೆಯ ಫ್ಯೂಸು ಕಿತ್ತ. ಅಲಗಿಗೆ ಒಂದು ಗೇಣು ಈಚೆಗೆ, ಉರುಳೆಗಳ ನಡುವೆ ಬೆರಳುಗಳು ಸಿಕ್ಕಿದ್ದವು. ದೊಡ್ಡ ಗಾಲಿಯನ್ನು ಇಬ್ಬರೂ ಹಿಡಿದು ಹಿಂದಕ್ಕೆ ತಿರುಗಿಸಿದೆವು. ನನ್ನ ಹಿಡಿತ ತಪ್ಪಿ ಗಾಲಿ ಒಂದು ಸಲ ಮುಂದಕ್ಕೆ ಜಾರಿತು. ಆಗ ಮಾತ್ರ ಅವಳು ನರಳಿದಳು. ಕೈ ಈಚೆ ಬಂದ ಮೇಲೆ ಮುಖ ಗೋಡೆಗೆ ತಿರುಗಿಸಿಕೊಂಡು ಕೇಳಿದಳು:

"ಎಲ್ಲಾ ಬೆರಳೂ ಅವಾ? ನೋಡ್ಬುಟ್ಟು ಹೇಳಿ. ನಾನು ನೋಡಾಕಿಲ್ಲ."

ಇವೆ ಎಂದೆ. ಇದ್ದವು, ಆದರೆ ತೋರುಬೆರಳೂ ನಡುಬೆರಳೂ ಇರಬೇಕಾದ ಆಕಾರದಲ್ಲಿ ಇರಲಿಲ್ಲ. ಒಗೆದ ಟವೆಲಿನಲ್ಲಿ ಕೈ ಸುತ್ತಿ ಎತ್ತಿ ಹಿಡಿದೆ. ತಮ್ಮನ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಅವಳನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಹೊಸೂರಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಟವೆಲಿನ ತುದಿ ಸರಿಸಿ ಉಗುರಿನ ಬಣ್ಣ ನೋಡುತ್ತಿದ್ದೆ. ಮೊದಲು ನಸುಗೆಂಪು ಇತ್ತು. ಆಮೇಲೆ ಅದು ಕೆಂಪೋ ನೀಲಿಯೋ ಎಂದು ಹೇಳಲಾಗದೆ, ಗಾಡಿಯೊಳಗಿನ ಮಬ್ಬು ಬೆಳಕನ್ನು ಶಪಿಸಿದೆ. ತಮ್ಮ ದಾರಿಯಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಿದ: ಅತ್ತಿಗೆ ಸ್ವಲ್ಪ ತಾಳಬೇಕಿತ್ತು, ಕೈ ಹಾಕಬಾರದಿತ್ತು.

ಅವನನ್ನು ನಾನು ತಿದ್ದದಿದ್ದುದಕ್ಕೆ ಕಾರಣವಿತ್ತು. ನಾಲ್ಕು ವಾರದ ಹಿಂದಿನವರೆಗೆ ನಮ್ಮಲ್ಲಿ ಕರೆಂಟು ಹೋಗಿ ಬಂದರೆ ಯಾವ ಯಂತ್ರವೂ ತಾನಾಗಿ ತಿರುಗುತ್ತಿರಲಿಲ್ಲ. ಯಾರಾದರೂ ಬೋರ್‌ವೆಲ್ಲಿನ ಹತ್ತಿರದ ಸ್ಟಾರ್ಟರ್ ಪೆಟ್ಟಿಗೆಗೆ ಹೋಗಿ ಹಸಿರು ಗುಂಡಿ ಒತ್ತಬೇಕಿತ್ತು. ಮೇವಿನ ಯಂತ್ರಕ್ಕೂ ಅದೇ ಪೆಟ್ಟಿಗೆಯಿಂದ ವೈರು ಎಳೆದಿದ್ದೆ. ಹಾಗಾಗಿ ಕರೆಂಟು ಹೋದರೆ ಕೈ ಹಾಕಬಹುದು ಎಂಬುದು ಹೆಂಡತಿಗೆ ವರ್ಷಗಳಿಂದ ಬಂದ ಅಭ್ಯಾಸ. ಆ ಅಭ್ಯಾಸದಿಂದ ಒಂದು ದಿನವೂ ತೊಂದರೆಯಾಗಿರಲಿಲ್ಲ. ಕರೆಂಟು ಬಂದಾಗಲೆಲ್ಲ ಬೋರಿನ ಹತ್ತಿರ ಓಡಿ ನನಗೆ ಸಾಕಾಗಿತ್ತು. ಊರಲ್ಲಿ ಎಲ್ಲರೂ ಹಾಕಿಸಿದ್ದಾರೆಂದು ನಾನೂ ಪೆಟ್ಟಿಗೆಗೆ ಆಟೋ ಸ್ವಿಚ್ಚು ಹಾಕಿಸಿದೆ. ಕರೆಂಟು ಬಂದ ಕೂಡಲೇ ಅದು ತಾನೇ ಮೋಟಾರನ್ನು ಎಬ್ಬಿಸುತ್ತದೆ. ತಮ್ಮನಿಗೆ ತೋರಿಸಿದೆ. ಹೆಂಡತಿಗೆ ಹೇಳಲಿಲ್ಲ. ಬೋರಿನ ವಿಷಯ ಅವಳಿಗೇಕೆ ಎಂದುಕೊಂಡೆ. ಅದೇ ಪೆಟ್ಟಿಗೆಯ ವೈರು ಅವಳ ಕೈಯ ಹತ್ತಿರಕ್ಕೆ ಬಂದಿದೆ ಎಂಬುದು ಹೊಳೆಯಲೇ ಇಲ್ಲ; ಆ ನಾಲ್ಕು ವಾರದಲ್ಲಿ ಮೇವು ಕತ್ತರಿಸುವ ಹೊತ್ತಿಗೆ ಕರೆಂಟೂ ಹೋಗಿರಲಿಲ್ಲ. ಮೂವತ್ತೊಂದು ವರ್ಷ ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ನೋಡಿಕೊಂಡವನು ನಾನು. ಮೆಷಿನ್ ಬಿಚ್ಚುವ ಮೊದಲು ಸ್ವಿಚ್ಚಿಗೆ ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಳ್ಳದವರನ್ನು ಗೇಟಿನ ಆಚೆ ನಿಲ್ಲಿಸಿದವನು.

ಏಳೂ ಐವತ್ತಕ್ಕೆ ಆಸ್ಪತ್ರೆ. ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು: ಅಲಗೋ ಉರುಳೆಯೋ, ಎಷ್ಟು ಹೊತ್ತು ಸಿಕ್ಕಿತ್ತು, ಹೇಗಾಯಿತು? ಮೊದಲ ಎರಡಕ್ಕೆ ನಾನು ಸರಿಯಾಗಿ ಉತ್ತರಿಸಿದೆ. ಮೂರನೆಯದಕ್ಕೆ ತಮ್ಮ, ಅತ್ತಿಗೆ ಅವಸರಪಟ್ಟರು ಎಂದ. ನಾನು ತಿದ್ದಲಿಲ್ಲ. ತೋರುಬೆರಳಿಗೆ ರಕ್ತ ಹೋಗುತ್ತಿದೆಯೋ ಇಲ್ಲವೋ ಒಳಗೆ ನೋಡಿದ ಮೇಲೆಯೇ ಗೊತ್ತಾಗುವುದು, ಹೋಗದಿದ್ದರೆ ಬುಡದಿಂದ ತೆಗೆಯಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿ, ಸಹಿ ಹಾಕಿಸಿಕೊಂಡು ಅವಳನ್ನು ಒಳಗೆ ಕರೆದುಕೊಂಡು ಹೋದರು. ಹಾಲು ಕರೆಯುವುದು, ಮುದ್ದೆ ತಿರುವುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಆ ಬೆರಳಿನಿಂದಲೇ. ಬೆಂಚಿನ ಮೇಲೆ ಕೂತು ನನ್ನ ತೋರುಬೆರಳು ಮಡಚಿ, ಅದಿಲ್ಲದೆ ಅಂಗಿಯ ಗುಂಡಿ ಹಾಕಲು ನೋಡಿದೆ. ಆಗಲಿಲ್ಲ.

ಪಕ್ಕದಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ರೈತರೊಬ್ಬರು ಇದ್ದರು, ನನ್ನದೇ ವಯಸ್ಸು. ಮಾವಿನ ತೋಟದಲ್ಲಿ ಕಳೆ ಕತ್ತರಿಸುವ ಮೆಷಿನ್ ಹಿಡಿದಾಗ ಕಲ್ಲಿನ ಚೂರು ಹಾರಿತಂತೆ. ಮೆಷಿನ್ ಜೊತೆ ಕನ್ನಡಕ ಕೊಟ್ಟಿರಲಿಲ್ಲವೇ ಎಂದು ಕೇಳಿದೆ.

"ಕೊಟ್ಟವ್ರೆ. ಬೆವರ್ತದೆ ಅಂತ ಮೊಳೆಗೆ ನೇತಾಕಿದ್ದೆ. ಮೊಳೆಗೇನೂ ಆಗಿಲ್ಲ ನೋಡಿ" ಎಂದರು.

ನಗು ಬಂತು, ಬಂದುದಕ್ಕೆ ನಾಚಿಕೆಯೂ ಆಯಿತು. ನಿಮ್ಮದೇನು ಎಂದು ಅವರು ಕೇಳಿದರು. ಹೆಂಡತಿಯ ಗ್ರಹಚಾರ ಎಂದು ಹೇಳಲು ಬಾಯಿ ತೆರೆದೆ. ಬದಲಿಗೆ, ತಮ್ಮ ಎದುರಿಗಿದ್ದಂತೆಯೇ, ನಾನು ಹಾಕಿಸಿದ ಆಟೋದಿಂದ ಆಯಿತು, ಅವಳಿಗೆ ಹೇಳಿರಲಿಲ್ಲ ಎಂದೆ. ತಮ್ಮ ತಲೆ ತಗ್ಗಿಸಿ ನೆಲ ನೋಡಿದ.

ಹನ್ನೊಂದೂ ಇಪ್ಪತ್ತಕ್ಕೆ ಡಾಕ್ಟರಮ್ಮ ಹೊರಗೆ ಬಂದರು. ನಡುಬೆರಳಿನ ತುದಿಯ ಗೆಣ್ಣು ಹೋಗಿತ್ತು. ತೋರುಬೆರಳನ್ನು ತಂತಿ ಹಾಕಿ ನಿಲ್ಲಿಸಿದ್ದರು. ಮೂರು ದಿನ ಬಣ್ಣ ನೋಡಬೇಕು, ಕಪ್ಪಾದರೆ ಉಳಿಸಲು ಆಗುವುದಿಲ್ಲ ಎಂದರು.

ಮಧ್ಯಾಹ್ನ ಅವಳಿಗೆ ಪೂರಾ ಎಚ್ಚರವಾಯಿತು. ಮೊದಲು ಹೇಳಿದ್ದು, "ನಂದೇ ತಪ್ಪು. ಕರೆಂಟು ಹೋಗೈತಲ್ಲಾ ಅಂತ ಕೈ ಇಕ್ಬುಟ್ಟೆ" ಎಂದು.

ಅವಳ ತಪ್ಪಲ್ಲ ಎಂದೆ. ಆಟೋದ ವಿಷಯ, ಅದನ್ನು ಹಾಕಿಸಿದ ದಿನ, ತಮ್ಮನಿಗೆ ಮಾತ್ರ ತೋರಿಸಿದ್ದು, ಬೆಳಗ್ಗೆ ಅವಸರ ಮಾಡಿದ್ದು, ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳಿದೆ. ಅವಳು ಮೇಲಿನ ಫ್ಯಾನು ನೋಡುತ್ತಾ ಕೇಳಿಸಿಕೊಂಡಳು.

"ಫ್ಯಾಕ್ಟ್ರೀಲಿ ಆಗಿದ್ರೆ ಬೋರ್ಡು ಹಾಕ್ತಿದ್ರಿ" ಎಂದಳು.

ಹೌದು ಎಂದೆ. ಆಮೇಲೆ, ದನಗಳು ಬೆಳಗ್ಗೆಯಿಂದ ಹಸಿದಿವೆ, ಎದ್ದು ಹೋಗಿ ಎಂದಳು. ಕ್ಷಮಿಸಿದಳೋ, ನನ್ನ ಮುಖ ನೋಡುವುದು ಬೇಡವಾಗಿತ್ತೋ ತಿಳಿಯಲಿಲ್ಲ. ತಮ್ಮನ ಹೆಂಡತಿ ಬಸ್ಸಿನಲ್ಲಿ ಬಂದು ಜೊತೆಗೆ ಉಳಿದಳು. ನಾವಿಬ್ಬರೂ ಹೊರಟೆವು.

ನಾಲ್ಕು ಗಂಟೆಗೆ ಹುಲ್ಲನ್ನು ಕತ್ತರಿಸದೆ ಹಾಗೇ ಹಾಕಿದೆ. ದನಗಳು ಸೊಪ್ಪು ತಿಂದು ದಂಟು ಬಿಟ್ಟವು. ಕರಿ ಹಸು ತಮ್ಮನ ಕೈಗೆ ಅರ್ಧ ಹಾಲೂ ಕೊಡಲಿಲ್ಲ. ಅವನು ಡೈರಿಗೆ ಹೋದ ಮೇಲೆ ಪೆಟ್ಟಿಗೆಯಿಂದ ಆಟೋ ಬಿಚ್ಚಿದೆ. ಮೇವಿನ ಯಂತ್ರದ ವೈರನ್ನೂ ಅಲ್ಲಿಂದ ತೆಗೆದೆ. ಐದೂ ಇಪ್ಪತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು: ಬೆರಳ ತುದಿ ಬೆಚ್ಚಗಿದೆ, ಬಣ್ಣ ಇನ್ನೂ ಹಾಗೇ ಇದೆ. ಹಾಗೇ ಎಂದರೆ ಹೇಗೆ ಎಂದು ಎರಡು ಸಲ ಕೇಳಿದೆ. ತಮ್ಮನ ಹೆಂಡತಿಗೂ ಹೇಳಲು ಬರಲಿಲ್ಲ.

ಉಳಿದದ್ದು ಉರುಳೆಗಳ ನಡುವೆ ಸಿಕ್ಕಿದ್ದ ಬೆಳಗಿನ ಹುಲ್ಲು. ವೈರು ನೆಲದ ಮೇಲೆ ಸುತ್ತಿ ಬಿದ್ದಿತ್ತು, ಬೆಳಗ್ಗೆ ತಮ್ಮ ಕಿತ್ತ ಫ್ಯೂಸು ನನ್ನ ಜೇಬಿನಲ್ಲಿತ್ತು. ಜೇಬು ಮುಟ್ಟಿ ನೋಡಿ ಕೈ ಮುಂದೆ ಚಾಚಿದೆ, ಹಿಂದಕ್ಕೆ ತೆಗೆದೆ. ಇನ್ನೊಮ್ಮೆ ಜೇಬು ಮುಟ್ಟಿದೆ. ಕೊನೆಗೆ ಬೇಲಿಯಿಂದ ಒಂದು ಕೋಲು ಮುರಿದು ತಂದು, ಒಂದೊಂದೇ ಎಳೆ ಕೆದಕಿ ತೆಗೆದೆ. ಐದೂ ಐವತ್ತೈದಕ್ಕೆ ಯಂತ್ರದ ಬಾಯಿ ಖಾಲಿಯಾಯಿತು.